ನನ್ನ ಚಾಕು ಮತ್ತು ವಾರಗಿತ್ತಿಯ ಚಾಕು

ನನ್ನ ಬಲಗೈ ಹೆಬ್ಬೆರಳಿಗೆ ಮೂರು ಹೊಲಿಗೆ ಬಿದ್ದಿದೆ.

ಹೇಗಾಯಿತು ಎಂದು ಕೇಳಿದವರಿಗೆಲ್ಲ ಕುಂಬಳಕಾಯಿ ಹೆಚ್ಚುವಾಗ ಆಯಿತು ಎಂದಿದ್ದೇನೆ. ಹೊಲಿಗೆ ಹಾಕಿದ ಡಾಕ್ಟರಿಗೂ ಅದನ್ನೇ ಹೇಳಿದೆ. ಆಕೆ ಗಾಯ ನೋಡಿದಳು, ನನ್ನ ಮುಖ ನೋಡಿದಳು. "ಬಲಗೈಲಿ ಚಾಕು ಹಿಡಿದು ಬಲಗೈ ಹೆಬ್ಬೆರಳನ್ನೇ ಹೆಂಗೆ ಕೊಯ್ಕೊಂಡ್ರಿ ಮೇಡಂ?" ಎಂದು ಕೇಳಿದಳು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಹಳೆಯ ವಿದ್ಯಾರ್ಥಿನಿಯರು ಡಾಕ್ಟರಾಗಿ ಅದೇ ಊರಿಗೆ ಬಂದರೆ ಇಂಥ ತೊಂದರೆಗಳಿವೆ.

ನಿಮಗೆ ಮಾತ್ರ ನಿಜ ಹೇಳುತ್ತೇನೆ. (ನಮ್ಮ ಮನೆಯಲ್ಲಿ ಈ ಅಂಕಣವನ್ನು ಯಾರೂ ಓದುವುದಿಲ್ಲ. ಪತ್ರಿಕೆ ಬಂದ ದಿನವೇ ಅದರ ಮೇಲೆ ಸಂಡಿಗೆ ಒಣಗುತ್ತಿರುತ್ತದೆ.) ಅರವತ್ತೆಂಟು ವರ್ಷದ ನಾನು, ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿದ್ದವಳು, ಬಚ್ಚಲುಮನೆಯ ಚಿಲಕ ಹಾಕಿಕೊಂಡು ಮಡಚುವ ಚಾಕುವನ್ನು ಒಂದೇ ಕೈಯಲ್ಲಿ ತೆರೆದು ಮುಚ್ಚುವ ಅಭ್ಯಾಸ ಮಾಡುತ್ತಿದ್ದೆ. ತೆರೆಯುವುದು ಬಂತು. ಮುಚ್ಚುವಾಗ ಹೆಬ್ಬೆರಳು ಒಳಗೇ ಉಳಿದಿತ್ತು.

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಬೇಕಿತ್ತು? ಕಾರಣ ಒಂದೇ. ನನ್ನ ವಾರಗಿತ್ತಿ ಜಯಾಳಿಗೆ ಅದು ಬರುತ್ತದೆ.

ಕ್ರಮವಾಗಿ ಹೇಳುತ್ತೇನೆ. ಕ್ರಮ ತಪ್ಪಿದರೆ ನನಗೆ ತಲೆನೋವು ಬರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.

ನನ್ನ ಮಗ ರವಿಯ ಮಗಳು ಸಿಂಧು. ಇಪ್ಪತ್ತೆರಡು ವರ್ಷ. ದಾಬಸ್‌ಪೇಟೆ ಕಡೆಯ ಒಂದು ದೊಡ್ಡ ಗೋಡೌನಿನಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಯಿತು. ಬಂದ ಪೆಟ್ಟಿಗೆಗಳ ನಂಬರ್ ಓದಿ, ಯಾವುದು ಯಾವ ಲಾರಿಗೆ ಎಂದು ವಿಂಗಡಿಸುವ ಕೆಲಸ. ಬೆಳಗಿನ ಶಿಫ್ಟು. ಮೊದಲ ಸಂಬಳದ ದಿನ ಮನೆಗೆಲ್ಲ ಮೈಸೂರು ಪಾಕು ತಂದವಳು, ಆ ಕೆಲಸದ ವಿಷಯ ಬಂದರೆ ಇವತ್ತಿಗೂ ಬೆನ್ನು ನೇರ ಮಾಡಿಕೊಂಡು ಕೂತು ಮಾತಾಡುತ್ತಾಳೆ. ಕಂಪನಿ ಬಸ್ಸು ಮೇನ್ ರೋಡಿಗೆ ಐದು ಐವತ್ತಕ್ಕೆ ಬರುತ್ತದೆ. ನಮ್ಮ ಮನೆ ದೊಡ್ಡಬಳ್ಳಾಪುರದ ಅಂಚಿನ ಒಂದು ಲೇಔಟಿನಲ್ಲಿ. ಅಲ್ಲಿಂದ ಮೇನ್ ರೋಡಿಗೆ ಅವಳ ನಡಿಗೆಯಲ್ಲಿ ಹದಿಮೂರು ನಿಮಿಷ. (ನನ್ನ ನಡಿಗೆಯಲ್ಲಿ ಹನ್ನೊಂದು.) ಅರ್ಧ ದಾರಿ ಖಾಲಿ ಸೈಟುಗಳು, ಎದೆಮಟ್ಟ ಬೆಳೆದ ಪಾರ್ಥೇನಿಯಂ. ದೀಪದ ಕಂಬಗಳಿವೆ, ದೀಪಗಳಿಲ್ಲ.

ಎರಡು ತಿಂಗಳ ಹಿಂದೆ ಆ ದಾರಿಯಲ್ಲಿ ಒಬ್ಬ ಬೈಕಿನವನು ಶುರುವಾದ. ಹಿಂದಿನಿಂದ ಬರುತ್ತಾನೆ, ಪಕ್ಕದಲ್ಲಿ ನಿಧಾನ ಮಾಡುತ್ತಾನೆ, "ಡ್ರಾಪ್ ಬೇಕಾ?" ಎನ್ನುತ್ತಾನೆ. ಬೇಡ ಎಂದರೂ ನೂರು ಹೆಜ್ಜೆ ಜೊತೆಗೇ ಬರುತ್ತಾನೆ. ಮೂರನೆಯ ಸಲ ಆದಾಗ ಸಿಂಧು ಮನೆಯಲ್ಲಿ ಹೇಳಿದಳು. ಹೆದರಿಕೆಯಿಂದ ತಲೆ ಬಗ್ಗಿಸಿ ನಡೆದಿದ್ದಳು, ಬೈಕಿನ ನಂಬರ್ ನೋಡಿರಲಿಲ್ಲ.

ರವಿಗೆ ಏರ್‌ಪೋರ್ಟ್ ಕಡೆ ಕೆಲಸ. ನಾಲ್ಕು ಗಂಟೆಗೇ ಮನೆ ಬಿಡುತ್ತಾನೆ, ಮಗಳ ಜೊತೆ ಹೋಗುವ ಹಾಗಿಲ್ಲ. ಸೊಸೆಗೆ ಮಂಡಿನೋವು. ರವಿ ಊಟದ ತಟ್ಟೆಯಿಂದ ತಲೆ ಎತ್ತದೆ ಹೇಳಿದ: "ಇನ್ನೊಂದ್ಸಲ ಹಿಂಗಾದ್ರೆ ಕೆಲಸ ಬಿಟ್ಬಿಡು. ಅಷ್ಟೇ."

"ಅಪ್ಪಾ, ತಪ್ಪು ಮಾಡೋನು ಅವನು. ಕೆಲಸ ನಾನ್ಯಾಕೆ ಬಿಡ್ಬೇಕು?"

ರವಿ ಟೀವಿಯ ಸೌಂಡ್ ಜಾಸ್ತಿ ಮಾಡಿದ. ಅವನು ಉತ್ತರ ಇಲ್ಲದಾಗ ಮೂರನೇ ಕ್ಲಾಸಿನಿಂದಲೂ ಹೀಗೆಯೇ.

ನಾನು ಬರುತ್ತೇನೆ ಎಂದೆ. ಸಿಂಧು ನಕ್ಕಳು. "ಬೇಡ ಅಜ್ಜಿ. ನೀವು ಬಂದ್ರೆ ಸ್ಕೂಲಿಗೆ ಬಿಡೋಕೆ ಬಂದಂಗಿರುತ್ತೆ. ಬಸ್ಸಲ್ಲಿ ಎಲ್ಲಾ ನೋಡ್ತಾರೆ." ಆಯಿತು, ನಾನು ಬರುವುದು ಬೇಡ. ನನ್ನ ವಿದ್ಯೆ ಬರಲಿ ಎಂದುಕೊಂಡೆ. ಸಾವಿರಾರು ಹೆಣ್ಣುಮಕ್ಕಳಿಗೆ ಸಾಲಾಗಿ ನಿಲ್ಲುವುದು, ಬೀಳದೆ ಓಡುವುದು, ಬಿದ್ದರೆ ಏಳುವುದು ಕಲಿಸಿದವಳು. ಸ್ವಂತ ಮೊಮ್ಮಗಳಿಗೆ ಆತ್ಮರಕ್ಷಣೆ ಕಲಿಸಲಾರೆನೇ?

ಖಾರದ ಪುಡಿ ಬೇಡವೆಂದು ತೀರ್ಮಾನಿಸಿದೆ. ಗಾಳಿ ತಿರುಗಿದರೆ ನಮ್ಮ ಕಣ್ಣಿಗೇ. ಸ್ಪ್ರೇ ಡಬ್ಬಿಗಳ ಮೇಲೆ ನನಗೆ ನಂಬಿಕೆಯಿಲ್ಲ, ನಮ್ಮ ಮನೆಯ ಸೊಳ್ಳೆ ಸ್ಪ್ರೇ ನೋಡಿದ ಮೇಲೆ. ಕೊನೆಗೆ ಆನ್‌ಲೈನಿನಲ್ಲಿ ಒಂದು ಮಡಚುವ ಚಾಕು ತರಿಸಿದೆ. ಕಪ್ಪು ಬಣ್ಣ, ನುಣ್ಣನೆಯ ಹಿಡಿ, ಸಿಕ್ಕಿಸಿಕೊಳ್ಳಲು ಕ್ಲಿಪ್ಪು. (ಇಂಥದ್ದನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಬಹುದೇ ಎಂದು ಮೊದಲು ಠಾಣೆಯಲ್ಲಿ ಕೇಳಬೇಕಿತ್ತು. ಕೇಳಲಿಲ್ಲ. ನೀವು ಕೇಳಿ.)

ಮೂರು ದಿನ, ಮಧ್ಯಾಹ್ನ ಎರಡರಿಂದ ಮೂರರವರೆಗೆ, ವಿಡಿಯೋಗಳನ್ನು ನೋಡಿ ನೋಟ್ಸ್ ಮಾಡಿಕೊಂಡೆ. ಗಡ್ಡದ ಒಬ್ಬ ವಿದೇಶಿ ಮೇಷ್ಟ್ರು ಕಲಿಸುತ್ತಾರೆ. ಮಾತು ಅರ್ಥವಾಗಲಿಲ್ಲ, ಕೈ ಅರ್ಥವಾಯಿತು.

ಹಿಡಿತಗಳಲ್ಲಿ ಮುಖ್ಯವಾದದ್ದು ಮುಷ್ಟಿ ಹಿಡಿತ. ಸುತ್ತಿಗೆ ಹಿಡಿದ ಹಾಗೆ ನಾಲ್ಕೂ ಬೆರಳು ಸುತ್ತಿ ಹೆಬ್ಬೆರಳನ್ನು ಮೇಲೆ ಬಿಗಿಯಬೇಕು. ಯಾರು ಜಗ್ಗಿದರೂ ಸುಲಭಕ್ಕೆ ಜಾರುವುದಿಲ್ಲವಂತೆ. ಹೆಬ್ಬೆರಳನ್ನು ಚಾಕುವಿನ ಬೆನ್ನ ಮೇಲೆ ಚಾಚಿಟ್ಟರೆ ಅದು ಇನ್ನೊಂದು ಹಿಡಿತ. ನಾವು ಹಣ್ಣಿನ ಸಿಪ್ಪೆ ತೆಗೆಯುವಾಗ ಹಿಡಿಯುತ್ತೇವಲ್ಲ, ಹಾಗೆ. ಇದರಲ್ಲಿ ಗುರಿ ಚೆನ್ನಾಗಿರುತ್ತದೆ, ಬಲ ಕಡಿಮೆ. ಒನಕೆ ಹಿಡಿದ ಹಾಗೆ ಅಲಗನ್ನು ಕಿರುಬೆರಳಿನ ಕಡೆಗೆ ಇಳಿಬಿಡುವುದು ಉಲ್ಟಾ ಹಿಡಿತ.

ತೆರೆಯುವುದರಲ್ಲೂ ಬಗೆಗಳಿವೆ. ನಮ್ಮ ಹಳೆಯ ಪೆನ್ನು ಚಾಕುಗಳಲ್ಲಿ ಅಲಗಿನ ಮೇಲೆ ಉಗುರು ಸಿಕ್ಕಿಸಲು ಒಂದು ಗೀರು ಇರುತ್ತಿತ್ತು, ಎರಡೂ ಕೈ ಬೇಕಿತ್ತು. ಈಗಿನವುಗಳಲ್ಲಿ ಅಲಗಿನ ಬುಡಕ್ಕೆ ಒಂದು ಗುಂಡಿ ಇರುತ್ತದೆ, ಹೆಬ್ಬೆರಳಿನಿಂದ ತಳ್ಳಿದರೆ ತೆರೆದುಕೊಳ್ಳುತ್ತದೆ. ಕೆಲವುಗಳಲ್ಲಿ ಬೆನ್ನ ಕಡೆ ಸಣ್ಣ ಕಿವಿ ಇರುತ್ತದೆ, ತೋರುಬೆರಳಿನಿಂದ ಎಳೆಯಬೇಕು. ಮಣಿಕಟ್ಟು ಝಾಡಿಸಿ ತೆರೆಯುವವರೂ ಇದ್ದಾರೆ. ಅದು ಶೋಕಿ. ನಾನು ಅದನ್ನು ಸಿಲಬಸ್ಸಿನಿಂದ ತೆಗೆದುಹಾಕಿದೆ.

ಸ್ಕೆಚ್ ಪೆನ್ನಿನಲ್ಲಿ ಚಾರ್ಟ್ ಬರೆದೆ. ಹಳೆಯ ಖಾಕಿ ಬಟ್ಟೆಯಲ್ಲಿ ಚಾಕುವಿಗೆ ಒಂದು ಪೌಚ್ ಹೊಲಿದು ಪ್ರೆಸ್ ಬಟನ್ ಇಟ್ಟೆ. ಡ್ರಿಲ್ಲನ್ನು ಐದು ಎಣಿಕೆಗೆ ಇಳಿಸಿದೆ. ಒಂದು, ಬ್ಯಾಗನ್ನು ಮುಂದಕ್ಕೆ. ಎರಡು, ಝಿಪ್. ಮೂರು, ಪೌಚಿನ ಬಟನ್. ನಾಲ್ಕು, ಹಿಡಿತ. ಐದು, ಅಲಗು. ಇಷ್ಟೇ ಅಲ್ಲ. ಶುಕ್ರವಾರ ಬೆಳಿಗ್ಗೆ ಐದಕ್ಕೆ ನಮ್ಮ ಮನೆಯಲ್ಲಿ ಹೊಲಿಗೆ ಮೆಷಿನ್ನು, ಗೇಟಿನ ಕೀಲು, ಬೀಗಗಳು ಎಲ್ಲದಕ್ಕೂ ಎಣ್ಣೆ ಬೀಳುತ್ತದೆ. ಮೂವತ್ತು ವರ್ಷದಿಂದ ಒಂದು ಶುಕ್ರವಾರ ತಪ್ಪಿಲ್ಲ. ಆ ಪಟ್ಟಿಗೆ ಚಾಕುವನ್ನೂ ಸೇರಿಸಿದೆ.

ಭಾನುವಾರ ಬೆಳಿಗ್ಗೆ ಆರೂವರೆಗೆ ಮಹಡಿಯ ಮೇಲೆ ತರಬೇತಿ. ಸಿಂಧು ಎದುರಿಗೆ, ನನ್ನ ಕೈಯಲ್ಲಿ ಸ್ಟಾಪ್‌ವಾಚ್. ಮೊದಲ ಸಲ ಹದಿನಾಲ್ಕು ಸೆಕೆಂಡು. ಹತ್ತನೆಯ ಸಲಕ್ಕೆ ಒಂಬತ್ತು. ನನಗೆ ಹೆಮ್ಮೆಯಾಗುತ್ತಿತ್ತು. ಆಗ ಮೆಟ್ಟಿಲಿನ ಮೇಲೆ ಜಯಾಳ ಚಪ್ಪಲಿ ಸದ್ದು ಕೇಳಿತು.

ಜಯಾ ನನ್ನ ಮೈದುನನ ಹೆಂಡತಿ. ಎರಡು ರಸ್ತೆ ಆಚೆ ಅವರ ಮನೆ. ಒಂಬತ್ತನೇ ಕ್ಲಾಸಿಗೆ ಓದು ಬಿಟ್ಟವಳು. ಮೂವತ್ತು ವರ್ಷದಿಂದ ಘಾಟಿ ರಸ್ತೆಯ ನರ್ಸರಿಗಳಲ್ಲಿ ಚಕ್ಕೋತ, ಮಾವು, ಸಪೋಟಾ ಗಿಡಗಳಿಗೆ ಕಸಿ ಕಟ್ಟುತ್ತಾಳೆ. ಈಗ ಅವಳದ್ದೇ ಒಂದು ಸಣ್ಣ ನರ್ಸರಿ ಇದೆ, ಮೇನ್ ರೋಡಿನ ಆಚೆ. ನಮ್ಮ ಅತ್ತೆಗೆ ನಾನು ಅಳತೆಯಿಟ್ಟು ಮಾಡಿದ ಮುದ್ದೆಗಿಂತ ಅವಳು ಕಣ್ಣಂದಾಜಿಗೆ ಮಾಡಿದ ಮುದ್ದೆಯೇ ಇಷ್ಟವಾಗುತ್ತಿತ್ತು. ಅದು ಹಳೆಯ ಮಾತು, ನಾನು ಮರೆತಿದ್ದೇನೆ.

ಕೈಯಲ್ಲೊಂದು ಚಕ್ಕೋತ ಹಿಡಿದು ನಿಂತವಳು ಕೇಳಿದಳು: "ಏನಕ್ಕಾ, ಮಹಡಿ ಮೇಲೆ ಪೆರೇಡಾ?"

"ಆತ್ಮರಕ್ಷಣೆ ತರಬೇತಿ," ಎಂದೆ.

"ಚಾಕು ತೆಗೆಯೋಕೆ ಎಷ್ಟೊತ್ತಾಯ್ತದೆ?"

"ಒಂಬತ್ತು ಸೆಕೆಂಡ್ ಸಣ್ಣಜ್ಜಿ," ಎಂದಳು ಸಿಂಧು.

"ಅಲ್ಲೀಗಂಟ ಅವನು ಸುಮ್ನೆ ಕೂತಿರ್ತಾನಾ? ಹಂಗಾದ್ರೆ ಅವನಿಗೊಂದ್ ಕಾಫಿ ಕೊಡ್ಬೇಕಲ್ಲಕ್ಕಾ."

ಸಿಂಧು ನಕ್ಕಳು. ತರಬೇತಿಯ ಸಮಯದಲ್ಲಿ ನಗುವುದನ್ನು ನಾನು ಯಾವತ್ತೂ ಒಪ್ಪಿದವಳಲ್ಲ.

ಜಯಾ ಎಡಗೈಯ ಚಕ್ಕೋತವನ್ನು ಕೆಳಗಿಡಲಿಲ್ಲ. ಬಲಗೈ ಸೊಂಟಕ್ಕೆ ಹೋಯಿತು, ಬಂತು. ಕಿರ್ ಎಂದು ಸಣ್ಣ ಸದ್ದು. ಅಲಗು ಹೊರಗಿತ್ತು. ಚಕ್ಕೋತದ ನೆತ್ತಿಗೆ ಗೀರು ಬಿದ್ದಾಗಿತ್ತು. ಸ್ಟಾಪ್‌ವಾಚ್ ಒತ್ತಬೇಕೆಂದು ನನಗೆ ಹೊಳೆಯುವಷ್ಟರಲ್ಲಿ ಸಿಪ್ಪೆಯ ಮೊದಲ ಸುತ್ತು ನೆಲದ ಮೇಲಿತ್ತು. ಅವಳ ಕಸಿ ಚಾಕು ಹಳೆಯದು. ಅಲಗು ಸವೆದು ಅರ್ಧವಾಗಿದೆ. ಹಿಡಿಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿದ್ದಾಳೆ. ಅದಕ್ಕೆ ಗುಂಡಿಯಿಲ್ಲ, ಕಿವಿಯಿಲ್ಲ. ಅಲಗಿನ ಬೆನ್ನನ್ನು ಹೆಬ್ಬೆರಳಿನಿಂದ ಒಂದು ತಳ್ಳು ತಳ್ಳುತ್ತಾಳೆ, ಅಷ್ಟೇ. ಮುಚ್ಚುವುದೂ ಅದೇ ಕೈಯಲ್ಲಿ, ತೊಡೆಗೆ ಒತ್ತಿ.

"ಒಂದೇ ಕೈಲಿ ಹೆಂಗೆ ಸಣ್ಣಜ್ಜಿ?"

"ಇನ್ನೊಂದು ಕೈಲಿ ಕಸಿ ಕಡ್ಡಿ ಇರ್ತದಲ್ಲವ್ವ. ಕೊಯ್ದ ಕಡ್ಡೀನ ಕೆಳಗಿಡಂಗಿಲ್ಲ, ಮಣ್ಣು ತಾಗ್ತದೆ. ಬಿಡಂಗೂ ಇಲ್ಲ, ಒಣಗ್ತದೆ. ಇರೋದೊಂದು ಕೈ. ಅದರಲ್ಲೇ ತೆಗೀಬೇಕು, ಅದರಲ್ಲೇ ಮುಚ್ಚಬೇಕು."

ನಾನು ಚಾರ್ಟ್ ತೋರಿಸಿ, ಇವುಗಳಲ್ಲಿ ನಿನ್ನದು ಯಾವ ಹಿಡಿತ ಎಂದು ಕೇಳಿದೆ. ಅವಳು ಚಾರ್ಟನ್ನು ಶ್ರದ್ಧೆಯಿಂದ ನೋಡಿದಳು. "ಹಿಡಿಯೋದಕ್ಕೂ ಹೆಸರಿದೆಯಾ ಅಕ್ಕಾ? ಕಡ್ಡಿಗೆ ಹೆಂಗೆ ಹಿಡೀಬೇಕು ಅಂತ ನಂಗೊತ್ತು. ಮನುಷ್ಯರಿಗೆ ಹೆಂಗೆ ಹಿಡೀಬೇಕು ಅಂತ ನಂಗೊತ್ತಿಲ್ಲ. ಗೊತ್ತಾಗೋದೂ ಬೇಡ."

ಆದರೆ ಸಿಂಧು ಆಗಲೇ ಅವಳ ಪಕ್ಕಕ್ಕೆ ಹೋಗಿ ನಿಂತಿದ್ದಳು. "ನಂಗೂ ಹೇಳ್ಕೊಡೇ ಸಣ್ಣಜ್ಜಿ."

ಗಮನಿಸಿ. ನನಗೆ 'ನೀವು'. ಅವಳಿಗೆ 'ಹೇಳ್ಕೊಡೇ'.

ಹೊಟ್ಟೆಕಿಚ್ಚು ಹೊಟ್ಟೆಯಲ್ಲಿ ಹುಟ್ಟುತ್ತದೆ ಎನ್ನುವವರು ಸರಿಯಾಗಿ ಗಮನಿಸಿಲ್ಲ. ನನಗೆ ಅದು ಕುತ್ತಿಗೆಯ ಹಿಂದೆ, ಇಷ್ಟು ವರ್ಷ ಸೀಟಿಯ ದಾರ ಉಜ್ಜಿದ ಜಾಗದಲ್ಲಿ ಶುರುವಾಯಿತು. ಅಲ್ಲಿಂದ ಕಿವಿಗೆ ಹತ್ತಿತು. ಜಯಾ ಕೊಟ್ಟ ಚಕ್ಕೋತದ ತೊಳೆ ಸಿಹಿಯಾಗಿತ್ತು. ಹುಳಿ ಎಂದು ಹೇಳಿ ತಟ್ಟೆ ಪಕ್ಕಕ್ಕಿಟ್ಟೆ.

ಮರುದಿನದಿಂದ ಸಿಂಧು ಶಿಫ್ಟು ಮುಗಿಸಿ ಬರುವಾಗ ನೇರ ಜಯಾಳ ನರ್ಸರಿಗೆ ಹೋಗತೊಡಗಿದಳು. ನಾಲ್ಕು ಗಂಟೆಗೆ ಮನೆಗೆ ಬರುತ್ತಿದ್ದವಳು ಐದೂಮುಕ್ಕಾಲಿಗೆ ಬರುತ್ತಿದ್ದಳು. ಉಗುರಿನಲ್ಲಿ ಮಣ್ಣು, ಮುಖದಲ್ಲಿ ನಗು.

"ಇವತ್ತು ಏನು ಹೇಳಿಕೊಟ್ಟಳು?" ಎಂದು ಕೇಳುತ್ತಿದ್ದೆ, ಕೇಳಬಾರದೆಂದು ಬೆಳಿಗ್ಗೆಯೇ ನಿರ್ಧರಿಸಿದ್ದರೂ.

"ಕಡ್ಡೀನ ಓರೆಯಾಗಿ ಸೀಳೋದು."

"ಚಾಕು ತೆರೆಯುವುದು?"

"ಅದೂ ಬಂತು ಅಜ್ಜಿ. ಅದನ್ನೇನು ಬೇರೆ ಹೇಳ್ಕೊಡ್ಲಿಲ್ಲ. ಕಡ್ಡಿ ಕೊಯ್ತಾ ಕೊಯ್ತಾ ಬಂದ್ಬಿಡ್ತು."

ನನ್ನ ಮಹಡಿ ತರಗತಿಗೆ ಹಾಜರಾತಿ ನಿಂತೇಹೋಯಿತು. ಎರಡನೆಯ ವಾರ ಸಿಂಧು ಕೈಯಲ್ಲೊಂದು ಚಾಕು ಹಿಡಿದು ಬಂದಳು. ಜಯಾಳ ಹಳೆಯ ಕಸಿ ಚಾಕುಗಳಲ್ಲಿ ಒಂದು, ರಬ್ಬರ್ ಸುತ್ತಿದ್ದು. "ಸಣ್ಣಜ್ಜಿ ಕೊಟ್ಟಿದ್ದು," ಎಂದು ಹೇಳಿ ಬ್ಯಾಗಿನ ಪಕ್ಕದ ಜೇಬಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿಕೊಂಡು ತೆಗೆದು ತೋರಿಸಿದಳು. ನಾನು ಚೆನ್ನಾಗಿದೆ ಎಂದೆ. ನನ್ನ ಚಾಕು ಪೌಚಿನೊಳಗೆ, ಪೌಚು ಬೀರುವಿನೊಳಗೆ.

ಬಚ್ಚಲುಮನೆಯ ಪ್ರಸಂಗ ನಡೆದದ್ದು ಇದರ ಮರುದಿನ. ಮೂವತ್ತು ವರ್ಷ ಕಸಿ ಕಟ್ಟಿದವಳಿಗೆ ಬರುವುದು ನನಗೆ ಎರಡು ದಿನದಲ್ಲಿ ಬರಬೇಕು ಎಂದುಕೊಂಡಿದ್ದೆ. ತೆರೆಯುವುದನ್ನು ಆ ಗಡ್ಡದವರು ಗಂಟೆಗಟ್ಟಲೆ ಕಲಿಸಿದ್ದರು. ಮುಚ್ಚುವುದನ್ನು ಕಲಿಸುವ ವಿಡಿಯೋವನ್ನು ನಾನೂ ಹುಡುಕಿರಲಿಲ್ಲ.

ಈಗ ಹೇಳಬೇಕಾದದ್ದನ್ನು ಹೇಳಲು ನನಗೆ ಇಷ್ಟವಿಲ್ಲ. ಆದರೆ ಇಷ್ಟು ದೂರ ಬಂದ ಮೇಲೆ ವಾಪಸ್ ಹೋಗುವ ಹಾಗಿಲ್ಲ.

ಆ ವಾರದ ಶುಕ್ರವಾರ ಬೆಳಿಗ್ಗೆ ಐದಕ್ಕೆ, ಹೆಬ್ಬೆರಳಿಗೆ ಬ್ಯಾಂಡೇಜ್ ಇದ್ದರೂ, ಎಣ್ಣೆ ಹಾಕುವ ಕೆಲಸ ಮುಗಿಸಿದೆ. ಮೆಷಿನ್ನು, ಕೀಲು, ಬೀಗ, ಚಾಕು. ಸಿಂಧು ಸ್ನಾನಕ್ಕೆ ಹೋಗಿದ್ದಳು. ಅವಳ ಬ್ಯಾಗು ಕುರ್ಚಿಯ ಮೇಲಿತ್ತು. ಪಕ್ಕದ ಜೇಬಿನಿಂದ ಜಯಾಳ ಚಾಕುವನ್ನು ತೆಗೆದು ಬೀರುವಿನಲ್ಲಿಟ್ಟೆ. ನನ್ನದನ್ನು ಪೌಚಿಗೆ ಹಾಕಿ, ಪೌಚನ್ನು ಬ್ಯಾಗಿನ ದೊಡ್ಡ ಝಿಪ್ಪಿನೊಳಗೆ ಇಟ್ಟೆ. ನನ್ನ ಡ್ರಿಲ್ಲಿನಲ್ಲಿ ಅದರ ಜಾಗ ಅದೇ.

ಹೊಸ ಚಾಕುವೇ ಹೆಚ್ಚು ಭದ್ರ, ಅದಕ್ಕೆ ಲಾಕ್ ಇದೆ, ಹಳೆಯದು ಮುರಿದುಬಿಟ್ಟರೆ ಕಷ್ಟ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡೆ. ಸಿಂಧುವಿಗೆ ಮಾತ್ರ ಹೇಳಲಿಲ್ಲ. ಅಷ್ಟು ಭದ್ರವಾಗಿದ್ದರೆ ಅವಳಿಗೆ ಯಾಕೆ ಹೇಳಲಿಲ್ಲ? ಈ ಪ್ರಶ್ನೆಯನ್ನು ನೀವು ಕೇಳುತ್ತೀರಿ ಎಂದು ಗೊತ್ತು.

ಅವತ್ತು ನನ್ನ ವಾಕಿಂಗಿನ ದಿಕ್ಕನ್ನೂ ಬದಲಿಸಿದೆ. ಅವಳು ಹೊರಟ ಮೇಲೆ ಮೂವತ್ತು ಹೆಜ್ಜೆ ಬಿಟ್ಟು ಹಿಂದೆಯೇ ನಡೆದೆ. ತಪ್ಪು ಮಾಡಿದ ಹುಡುಗಿಯರು ಸ್ಟಾಫ್ ರೂಮಿನ ಸುತ್ತ ಸುಮ್ಮನೆ ಸುಳಿದಾಡುತ್ತಾರಲ್ಲ, ಹಾಗೆ.

ನಸುಬೆಳಕು ಹರಿದಿತ್ತು. ಖಾಲಿ ಸೈಟುಗಳ ಹತ್ತಿರ ಬೈಕು ನನ್ನನ್ನು ದಾಟಿ ಹೋಯಿತು. ಹೆಡ್‌ಲೈಟ್ ಹಾಕಿರಲಿಲ್ಲ. ಸಿಂಧುವಿನ ಪಕ್ಕಕ್ಕೆ ಹೋಗಿ ನಿಂತಿತು. ಅವಳ ಕೈ ಬ್ಯಾಗಿನ ಪಕ್ಕದ ಜೇಬಿಗೆ ಹೋದದ್ದು ಕಾಣಿಸಿತು. ಕೆಲವು ದಿನಗಳಿಂದ ಕಣ್ಣು ಮುಚ್ಚಿಕೊಂಡು ಹೋಗುವ ಕೈ. ಅಲ್ಲಿ ಏನೂ ಇರಲಿಲ್ಲ. ಕೈ ತಡವರಿಸಿತು. ಝಿಪ್ ಎಳೆದಳು. ಪೌಚು ಹೊರಬಂತು. ಬಟನ್ ಬಿಚ್ಚಿದಳು. ಮುಷ್ಟಿ ಹಿಡಿತದಲ್ಲಿ ಬಿಗಿಯಾಗಿ ಹಿಡಿದಳು, ನಾನು ಕಲಿಸಿದಂತೆಯೇ. ಎಣ್ಣೆ ಹಚ್ಚಿದ ನುಣುಪಾದ ಹಿಡಿಯನ್ನು ಎಷ್ಟು ಬಿಗಿ ಹಿಡಿದರೆ ಅಷ್ಟು ಬೇಗ ಜಾರುತ್ತದೆ. ಒದ್ದೆ ಸೋಪಿನ ಹಾಗೆ ಮೇಲಕ್ಕೆ ಚಿಮ್ಮಿ ರಸ್ತೆಗೆ ಬಿತ್ತು. ಅಲಗು ತೆರೆದೇ ಇರಲಿಲ್ಲ.

ಅವನು ನಕ್ಕ. "ಏನ್ ಬೀಳಿಸ್ಕೊಂಡ್ರಿ ಮೇಡಂ? ಎತ್ಕೊಡ್ಲಾ?" ಎನ್ನುತ್ತಾ ಕಾಲು ಕೆಳಗಿಟ್ಟ.

ಸಿಂಧು ಹಿಂದಕ್ಕೆ ತಿರುಗಿ ಓಡಿದಳು. ನನ್ನ ಕಡೆಗೆ. ನಾನಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ, ಮನೆಯ ಕಡೆಗೆ ಓಡುತ್ತಿದ್ದಳು. ಅಷ್ಟರಲ್ಲಿ ಮೂಲೆಯಿಂದ ಹಾಲಿನ ವ್ಯಾನ್ ತಿರುಗಿತು. ಅದರ ಬೆಳಕು ಬಿದ್ದ ಕೂಡಲೇ ಅವನು ಬೈಕು ಎತ್ತಿಕೊಂಡು ಹೋದ. ಅಷ್ಟೇ ನಡೆದದ್ದು. ಒಂದು ನಿಮಿಷವೂ ಆಗಿರಲಾರದು.

ಆ ಒಂದು ನಿಮಿಷದಲ್ಲಿ ನನ್ನ ತಲೆಗೆ ಬಂದ ಮೊದಲ ಯೋಚನೆ ಯಾವುದು ಗೊತ್ತೇ? ಸಿಂಧುವಿಗೆ ಏನಾಯಿತೋ ಎಂಬುದಲ್ಲ. 'ಇದು ಜಯಾಳಿಗೆ ಗೊತ್ತಾಗಬಾರದು' ಎಂಬುದು. ಸಿಂಧು ಏದುಸಿರು ಬಿಡುತ್ತಾ ನನ್ನ ಭುಜ ಹಿಡಿದು ನಿಂತಳು. ನಾನು ಅವಳನ್ನು ಬಿಡಿಸಿಕೊಂಡು ಮುಂದೆ ಹೋಗಿ ಮೊದಲು ಚಾಕು ಎತ್ತಿಕೊಂಡೆ. ಆಮೇಲೆ ಅವಳ ಕೈ ಹಿಡಿದೆ.

ಮಕ್ಕಳು ಚೆನ್ನಾಗಿರಬೇಕು ಎಂದು ನಾವೆಲ್ಲ ಹೇಳುತ್ತೇವೆ. ನಮ್ಮಿಂದಲೇ ಚೆನ್ನಾಗಿರಬೇಕು ಎಂಬುದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಪಕ್ಕದ ಮನೆಯವರ ಕಷಾಯಕ್ಕೆ ಮಗುವಿನ ಕೆಮ್ಮು ನಿಂತರೆ, ಕೆಮ್ಮು ನಿಂತಿತಲ್ಲ ಎಂದು ಸಂತೋಷಪಡುವ ಮೊದಲು ನಮ್ಮ ಕಷಾಯಕ್ಕೆ ಏನಾಗಿತ್ತು ಎಂದು ಕೇಳುವವರು ನಿಮ್ಮ ಮನೆಯಲ್ಲಿ ಒಬ್ಬರಾದರೂ ಇಲ್ಲವೇ? ನಮ್ಮ ಮನೆಯಲ್ಲಿ ಅದು ನಾನು.

ಸಿಂಧು ಉಸಿರು ಸುಧಾರಿಸಿಕೊಂಡು ಕೇಳಿದಳು: "ನನ್ನ ಚಾಕು ಎಲ್ಲಿ ಅಜ್ಜಿ?"

"ಬೀರುವಿನಲ್ಲಿದೆ."

ಅವಳು ಯಾಕೆ ಎಂದು ಕೇಳಲಿಲ್ಲ. ಕೈಗೆ ಅಂಟಿದ ಎಣ್ಣೆಯನ್ನು ದುಪಟ್ಟಾಕ್ಕೆ ಒರೆಸಿಕೊಂಡಳು. ಆಮೇಲೆ ಬೈಕಿನ ನಂಬರನ್ನು ಗಡಗಡ ಹೇಳಿ, "ಬರ್ಕೊಳ್ಳಿ ಅಜ್ಜಿ, ಮರ್ತೋಗೋದ್ರೊಳಗೆ" ಎಂದಳು. ಓಡುವ ಮುಂಚೆ ಒಂದೇ ಸಲ ನೋಡಿದ್ದಳಂತೆ. ದಿನವೆಲ್ಲ ಪೆಟ್ಟಿಗೆಗಳ ನಂಬರ್ ಓದುವವಳು. ಆ ಕೆಲಸವನ್ನೇ ಬಿಡು ಎಂದು ಅವಳಪ್ಪ ಹೇಳುವುದರಲ್ಲಿದ್ದ. ನನ್ನ ಹತ್ತಿರ ಪೆನ್ನಿತ್ತು, ಯಾವಾಗಲೂ ಇರುತ್ತದೆ. ಅಂಗೈ ಮೇಲೆ ಬರೆದುಕೊಂಡೆ.

ಇಬ್ಬರೂ ಮೇನ್ ರೋಡಿಗೆ ಬರುವಷ್ಟರಲ್ಲಿ ಬಸ್ಸು ಬಂತು. ಇವತ್ತು ರಜೆ ಹಾಕು ಎಂದೆ. "ಇವತ್ತು ಹಾಕಿದ್ರೆ ನಾಳೆ ಹೋಗೋಕಾಗಲ್ಲ ಅಜ್ಜಿ," ಎಂದಳು. ಮೆಟ್ಟಿಲು ಹತ್ತುತ್ತಾ ತಿರುಗಿ ತಗ್ಗಿದ ದನಿಯಲ್ಲಿ ಸೇರಿಸಿದಳು: "ಸಣ್ಣಜ್ಜಿಗೆ ಹೇಳಲ್ಲ ಬಿಡಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇಪ್ಪತ್ತೆರಡು ವರ್ಷದ ಹುಡುಗಿಗೆ ನನ್ನ ಹೊಟ್ಟೆಕಿಚ್ಚು ಮೊದಲಿನಿಂದಲೂ ಕಾಣುತ್ತಿತ್ತು. ಅದಕ್ಕೆ ತಕ್ಕಂತೆ ಅವಳು ನಡೆದುಕೊಳ್ಳುತ್ತಿದ್ದಳು, ಮನೆಯಲ್ಲಿ ಮುನಿಸಿಕೊಳ್ಳುವ ಮುದುಕರಿದ್ದರೆ ಎಲ್ಲರೂ ನಡೆದುಕೊಳ್ಳುವ ಹಾಗೆ.

ಆರು ಗಂಟೆಗೆ ಯೋಗಾಸನ, ಏಳಕ್ಕೆ ತಿಂಡಿ. ಅವತ್ತು ಎರಡೂ ಆಗಲಿಲ್ಲ. ನೇರ ಠಾಣೆಗೆ ಹೋದೆ. ಅಲ್ಲಿದ್ದ ಮಹಿಳಾ ಕಾನ್‌ಸ್ಟೇಬಲ್ ದೂರು ಬರೆದುಕೊಂಡಳು. ಚಾಕುವಿನ ವಿಷಯವನ್ನೂ ಮುಚ್ಚಿಡದೆ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟಳು. "ಮೇಡಂ, ಚಾಕು ಒಂದ್ಸಲ ಹೊರಗೆ ಬಂದ್ರೆ ಆಮೇಲೆ ಅದು ಯಾರ ಕೈಲಿರುತ್ತೆ ಅಂತ ಯಾರೂ ಹೇಳಕ್ಕಾಗಲ್ಲ. ಬಿದ್ದಿದ್ದನ್ನ ಅವನೇ ಎತ್ಕೊಂಡಿದ್ರೆ? ಹುಡುಗಿ ಓಡಿದ್ದೇ ಸರಿ. ನಂಬರ್ ನೋಡಿದ್ದು ಇನ್ನೂ ಸರಿ."

ಬಿದ್ದದ್ದನ್ನು ಅವನೇ ಎತ್ತಿಕೊಂಡಿದ್ದರೆ. ನನ್ನ ಚಾರ್ಟಿನಲ್ಲಿ ಇದಕ್ಕೆ ಎಣಿಕೆ ಇರಲಿಲ್ಲ.

ಠಾಣೆಯಿಂದ ಜಯಾಳ ನರ್ಸರಿಗೆ ನಡೆದೆ. ಸಿಂಧು ಹೇಳುವುದಿಲ್ಲ ಎಂದ ಮೇಲೆ ನಾನೇ ಹೇಳಬೇಕಿತ್ತು. ಅವಳು ಕಪ್ಪು ಪ್ಲಾಸ್ಟಿಕ್ ಕವರುಗಳ ಸಾಲಿನ ನಡುವೆ ಕುಕ್ಕರುಗಾಲಿನಲ್ಲಿ ಕೂತು ಕಸಿ ಕಟ್ಟುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಚಾಕು ಬದಲಿಸಿದ್ದನ್ನು ಹೇಳುವಾಗ ಮಾತ್ರ ಚಕ್ಕೋತದ ಗಿಡ ನೋಡುತ್ತಿದ್ದೆ.

ಅವಳು ಕಡ್ಡಿ ಕೈಬಿಡದೆ ಪೂರ್ತಿ ಕೇಳಿಸಿಕೊಂಡಳು. "ಮಗೀಗೇನೂ ಆಗ್ಲಿಲ್ಲ ತಾನೇ?" ಎಂದಳು ಮೊದಲು.

ನೋಡಿ. ಅವಳ ಬಾಯಿಗೆ ಮೊದಲು ಬಂದದ್ದು ಅದು.

ಇಲ್ಲ ಎಂದೆ. "ಹಂಗಾದ್ರೆ ಬುಡಿ," ಎಂದು ಕಸಿಗೆ ಪಟ್ಟಿ ಸುತ್ತಿ ಗಂಟು ಹಾಕಿದಳು. ಆಮೇಲೆ ತಲೆ ಎತ್ತಿ, "ಅಲ್ಲಕ್ಕಾ, ಚಾಕೂಗೆ ಎಣ್ಣೆ ಸವರಿದ್ರಾ? ಅದೇನು ದೋಸೆ ಕಾವ್ಲಿನಾ?" ಎಂದಳು.

"ಶುಕ್ರವಾರ," ಎಂದೆ. ಬೇರೆ ಏನು ಹೇಳಲಿ?

"ಬೆರಳಿಗೇನಾಯ್ತು?"

"ಕುಂಬಳಕಾಯಿ."

ಅವಳು ನನ್ನ ಬ್ಯಾಂಡೇಜು ನೋಡಿ ತುಟಿ ಕಚ್ಚಿಕೊಂಡಳು. ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು. ನನ್ನ ಚಾಕುವನ್ನು ಕೇಳಿ ಇಸಿದುಕೊಂಡು ಬಕೆಟ್ಟಿನಲ್ಲಿ ಸೋಪು ಹಾಕಿ ತೊಳೆದಳು, ಹಿಡಿಗೆ ಟ್ಯೂಬಿನ ರಬ್ಬರ್ ಸುತ್ತಿದಳು. ಹೆಬ್ಬೆರಳಿನಿಂದ ಒಂದು ಸಲ ತಳ್ಳಿದಳು. ನಾನು ಬಚ್ಚಲುಮನೆಯಲ್ಲಿ ಹೆಣಗಿದ್ದು ಅವಳ ಕೈಗೆ ಮೊದಲ ಸಲಕ್ಕೇ ಬಂತು. ಒಂದು ಕಡ್ಡಿಯನ್ನು ಓರೆಯಾಗಿ ಸೀಳಿ ನೋಡಿದಳು. "ಒಳ್ಳೆ ಚಾಕು ಅಕ್ಕಾ. ಚೆನ್ನಾಗಿ ಕೊಯ್ತದೆ. ನಿಮಗಂತೂ ಬ್ಯಾಡ, ನಾನಿಟ್ಕೊಳ್ಳಾ?"

ಇಟ್ಟುಕೋ ಎಂದೆ. ನನ್ನ ಚಾಕುವೂ ಅವಳ ಪಾಲಿಗೆ ಹೋಯಿತು.

ಸಂಜೆ ರವಿಯ ಮುಂದೆ ನಾನೇ ಬಾಯಿಬಿಟ್ಟೆ. ಅವನು ರಿಮೋಟ್ ಕೈಗೆತ್ತಿಕೊಂಡ. ನಾನು ಅದನ್ನು ಕಿತ್ತುಕೊಂಡೆ. ದೂರು ಕೊಟ್ಟಾಗಿದೆ, ನಂಬರ್ ಸಿಕ್ಕಿದೆ, ತಪ್ಪು ಆ ಬೈಕಿನವನದ್ದು ಮತ್ತು ನನ್ನದು, ಸಿಂಧುವಿನದ್ದಲ್ಲ, ಕೆಲಸ ಬಿಡುವ ಮಾತು ಈ ಮನೆಯಲ್ಲಿ ಇನ್ನು ಬೇಡ ಎಂದೆ. ಮೂವತ್ತೊಂದು ವರ್ಷ ಮೈದಾನದಲ್ಲಿ ಬಳಸಿದ ದನಿ ಇನ್ನೂ ಸ್ವಲ್ಪ ಉಳಿದಿದೆ. ರವಿ ಖಾಲಿ ಕೈ ನೋಡಿಕೊಂಡು, "ಸರಿ. ಆದ್ರೆ ಒಬ್ಳೇ ಹೋಗೋದು ಬೇಡ. ಯಾರಾದ್ರೂ ಬಸ್ ತನಕ ಹೋಗ್ಬೇಕು," ಎಂದ.

ನಾನು ಸಿಂಧುವಿನ ಮುಖ ನೋಡಿದೆ. ಅವಳು ಅಪ್ಪನ ಮುಖ ನೋಡಿದಳು.

"ಸಣ್ಣಜ್ಜಿ ಬರ್ಲಿ," ಎಂದಳು. "ಅವ್ಳು ಹೆಂಗೂ ನರ್ಸರಿಗೆ ಅದೇ ದಾರೀಲಿ ಹೋಗ್ತಾಳೆ."

ಅಜ್ಜಿ ಬಂದರೆ ಸ್ಕೂಲಿಗೆ ಬಿಟ್ಟ ಹಾಗೆ. ಸಣ್ಣಜ್ಜಿ ಬಂದರೆ ಹಾಗಲ್ಲ. ಯಾಕೆ ಎಂದು ಕೇಳುವ ಯೋಗ್ಯತೆಯನ್ನು ನಾನು ಆ ಬೆಳಿಗ್ಗೆಯೇ ಕಳೆದುಕೊಂಡಿದ್ದೆ. ಕೆಲಸ ಉಳಿಯಿತು. ನನಗೆ ಬೇಕಾದದ್ದೂ ಅದೇ ತಾನೇ? ಅದೇ. ಬಹುಪಾಲು ಅದೇ.

ಪೊಲೀಸರು ಆ ಬೈಕಿನವನನ್ನು ಕರೆಸಿದರಂತೆ. ಆಮೇಲೆ ಅವನು ಕಾಣಿಸಿಲ್ಲ. ಆದರೂ ಸೋಮವಾರದಿಂದ ಜಯಾ ಐದು ಮೂವತ್ತೈದಕ್ಕೆ ನಮ್ಮ ಗೇಟಿನ ಮುಂದೆ ನಿಲ್ಲುತ್ತಾಳೆ. ಒಂದು ದಿನವೂ ತಡವಾಗಿಲ್ಲ. (ತಡವಾಗಲಿ ಎಂದು ನಾನು ವಾಚು ಹಿಡಿದು ಕಾದದ್ದುಂಟು.) ಇಬ್ಬರೂ ಮಾತಾಡುತ್ತಾ ಹೊರಡುತ್ತಾರೆ.

ಯಾರೂ ಕರೆಯದಿದ್ದರೂ ಬುಧವಾರದಿಂದ ನಾನೂ ಹೊರಟೆ. ಯೋಗಾಸನವನ್ನು ಏಳಕ್ಕೆ ಮುಂದೂಡಿದ್ದೇನೆ. ಬೇಡ ಎಂದು ಯಾರೂ ಅನ್ನಲಿಲ್ಲ. "ಬನ್ನಿ ಅಕ್ಕಾ, ಸ್ವಲ್ಪ ಮೆಲ್ಲಗೆ ನಡೀರಿ, ನಾವೇನು ಮಾಕಳಿದುರ್ಗದ ಬೆಟ್ಟ ಹತ್ತಬೇಕಾ?" ಎಂದಳು ಜಯಾ. ಸಿಂಧು ನಡುವೆ, ನಾವಿಬ್ಬರೂ ಆಚೀಚೆ. ಜಯಾ ಅವಳ ಎಡಗೈ ಹಿಡಿದುಕೊಂಡು ನಡೆಯುತ್ತಾಳೆ, ಕಡ್ಡಿ ಹಿಡಿದ ಹಾಗೆ, ಬಿಡದೆ. ಬಲಗೈ ನನ್ನ ಪಾಲಿಗೆ ಎಂದುಕೊಂಡು ನಾನು ಆ ಕಡೆಗೆ ಹೋದೆ. ಅದರಲ್ಲಿ ಮೊಬೈಲ್ ಇತ್ತು.

ಇವತ್ತಿಗೂ ಅದರಲ್ಲಿ ಮೊಬೈಲೇ ಇರುತ್ತದೆ. ಅರವತ್ತೆಂಟನೆಯ ವಯಸ್ಸಿನಲ್ಲಿ ಒಂದು ಮೊಬೈಲಿನ ಮೇಲೂ ಹೊಟ್ಟೆಕಿಚ್ಚು ಪಡುವವರು ನಿಮ್ಮ ಊರಿನಲ್ಲಿ ಯಾರಾದರೂ ಇದ್ದಾರೆಯೇ?